ವಾರದ ಮೊದಲ ದಿನ

ಎಣ್ಣೆ ಹದವಾಗಿ ಬಿಸಿಯಾಗಿತ್ತು, ನೆತ್ತಿಗೆ ಬಿದ್ದ ಕೂಡಲೇ ಒಂದು ಎಳೆ ಕಿವಿಯ ಹಿಂದಿನಿಂದ ಕತ್ತಿನವರೆಗೂ ಇಳಿಯಿತು, ಅಮ್ಮನ ಅಂಗೈ ತಪತಪ ಬಡಿಯುತ್ತಿತ್ತು, ಅಲುಗಾಡಬೇಡ್ವೇ ಪಂಕಜಾ, ಕೂದಲೆಲ್ಲ ಒಣಗಿ ನಾರಾಗಿದೆ ನೋಡು, ಆ ಫ್ಯಾಕ್ಟರಿ ಧೂಳಲ್ಲಿ ಇನ್ನೇನಾಗುತ್ತೆ — ನಡುಮನೆಯಲ್ಲಿ ಆಗಲೇ ಜನ ಸೇರತೊಡಗಿದ್ದರು, ಜಾಲಹಳ್ಳಿಯ ಈ ಕ್ವಾರ್ಟರ್ಸ್ ಸಾಲಿನಲ್ಲಿ ಬಣ್ಣದ ಟೀವಿ ಇದ್ದದ್ದು ಇವರ ಮನೆಯಲ್ಲಿ ಮಾತ್ರ, ಭಾನುವಾರ ಬೆಳಗಾದರೆ ಹೆಂಗಸರು ಮಕ್ಕಳು ಮುದುಕರೆಲ್ಲ ಸ್ನಾನ ಮಾಡಿ ಕುಂಕುಮ ಇಟ್ಟುಕೊಂಡು ದೇವಸ್ಥಾನಕ್ಕೆ ಬರುವ ಹಾಗೆ ಬಂದು ಚಾಪೆಯ ಮೇಲೆ ಕೂರುತ್ತಿದ್ದರು, ಪುರಾಣದ ಧಾರಾವಾಹಿ ಶುರುವಾಗುವ ಮೊದಲು ಯಾರಾದರೊಬ್ಬರು ಟೀವಿಯ ಮುಂದೆ ಊದಿನಕಡ್ಡಿಯನ್ನೂ ಹಚ್ಚುತ್ತಿದ್ದರು, ಇವತ್ತು ಏಕಾದಶಿಯೋ ದ್ವಾದಶಿಯೋ ನೋಡೇ ಎಂದು ಅಪ್ಪ ತಾರಸಿಯ ಮೇಲೆ ಆಂಟೆನಾ ತಿರುಗಿಸುತ್ತ ಅಲ್ಲಿಂದಲೇ ಕೂಗಿದರು, ಅವಳು ಅಡುಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರಿನ ಕಡೆಗೆ ಕಣ್ಣೆತ್ತಿದಳು, ರೆಪ್ಪೆಗೂ ಎಣ್ಣೆ ಇಳಿದಿತ್ತು, ಎಲ್ಲ ಮಸುಕು, ಕೆಂಪು ಬಣ್ಣವೊಂದೇ ಸ್ಪಷ್ಟ, ಎಲ್ಲಕ್ಕಿಂತ ಮೇಲಿನ ಸಾಲು, ಭಾನು, ಅದರ ಕೆಳಗೆ ಸೋಮ, ಅದರ ಕೆಳಗೆ ಮಂಗಳ, ಕಣ್ಣು ತಾನಾಗಿಯೇ ಎಣಿಸಿಕೊಂಡು ಇಳಿಯಿತು, ಎಲ್ಲಕ್ಕಿಂತ ಕೆಳಗೆ ಶನಿ, ಏಳು. ಏಳು. ಶನಿ ಅಂದರೆ ಏಳು. ನಿನ್ನೆ ಅವಳು ಒತ್ತಿದ್ದು ಆರು.

ಅಮ್ಮನ ಕೈ ಇನ್ನೂ ನೆತ್ತಿಯ ಮೇಲೆ ಇತ್ತು, ಅವಳು ಎದ್ದು ನಿಂತಿದ್ದಳು. ಆರು. ಖಂಡಿತ ಆರೇ. ನಿನ್ನೆ ಮಧ್ಯಾಹ್ನ ಪೀಣ್ಯದಲ್ಲಿ ಕರೆಂಟು ಹೋಗಿ ಬಂದಿತ್ತು, ಬಂದ ಮೇಲೆ ನೋಡಿದರೆ ಫ್ಯಾಕ್ಟರಿಯ ಓವನ್ ನಡೆಸುವ ಕಂಟ್ರೋಲರಿನ ಗಡಿಯಾರಕ್ಕೆ ಇಸವಿಯೂ ಗೊತ್ತಿಲ್ಲ ತಾರೀಕೂ ಗೊತ್ತಿಲ್ಲ, ಕರೆಂಟಿಲ್ಲದಾಗ ಅದಕ್ಕೆ ಹೊತ್ತು ನೆನಪಿಡುವ ಪುಟ್ಟ ಬ್ಯಾಟರಿ ಸತ್ತಿತ್ತು, ಅವಳೇ ಹೊಸದು ಹಾಕಿದಳು, ಗುಂಡಿಗಳನ್ನು ಒಂದೊಂದಾಗಿ ಒತ್ತಿ ಇಸವಿ, ತಿಂಗಳು, ತಾರೀಕು, ಗಂಟೆ, ನಿಮಿಷ ಎಲ್ಲ ತುಂಬಿದಳು, ಕೊನೆಗೆ ವಾರ ಕೇಳಿತು, ಹೊರಗೆ ಕಂಪನಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಬನ್ನಿ ಮೇಡಂ ಬನ್ನಿ ಎಂದು ಯಾರೋ ಕೂಗಿದರು, ಸೋಮವಾರದಿಂದ ಎಣಿಸಿದರೆ ಶನಿವಾರ ಆರು, ಕೆಲಸಕ್ಕೆ ಸೇರಿದ ಮೇಲೆ ವಾರ ಎನ್ನುವುದು ಸೋಮವಾರದಿಂದಲೇ ತಾನೆ ಶುರುವಾಗುವುದು, ಒತ್ತಿದಳು, ಓಡಿದಳು. ಆ ಗಡಿಯಾರಕ್ಕೆ ಮೊದಲ ದಿನ ಭಾನುವಾರ. ಹೋದ ತಿಂಗಳು ಕಂಟ್ರೋಲರ್ ಕೂರಿಸಿದಾಗ ಪುಸ್ತಕ ತೆರೆದಿಟ್ಟುಕೊಂಡು ಅವಳೇ ಬರೆದಿದ್ದಳಲ್ಲ, ಒಂದನೇ ದಿನ ರಜ, ಓವನ್ ಹಚ್ಚಬೇಡ, ಮಿಕ್ಕ ಆರು ದಿನ ಹತ್ತು ಗಂಟೆಗೆ ಹಚ್ಚು. ನಿನ್ನೆ ಅದಕ್ಕೆ ಆರು ಎಂದಳು, ಹಾಗಾದರೆ ಇವತ್ತು ಅದರ ಲೆಕ್ಕದಲ್ಲಿ ಏಳು, ಇವತ್ತು ಅದಕ್ಕೆ ಶನಿವಾರ, ಕೆಲಸದ ದಿನ, ಇವತ್ತು ಹತ್ತು ಗಂಟೆಗೆ ಓವನ್ನಿನ ಬಾಗಿಲ ಶಟರು ತಾನಾಗಿಯೇ ಇಳಿಯುತ್ತದೆ, ಬಿಸಿಗಾಳಿ ಊದುವ ಬ್ಲೋಯರು ತಿರುಗುತ್ತದೆ, ಹೀಟರುಗಳು ಕೆಂಪಾಗುತ್ತವೆ, ಬಣ್ಣ ಹೊಡೆದ ಬೀರುಗಳನ್ನು ಸಾಲಾಗಿ ನಿಲ್ಲಿಸಿ ಬೇಯಿಸುವ, ಒಂದು ಕೋಣೆಯಷ್ಟು ದೊಡ್ಡ ಓವನ್ನು, ಅದರೊಳಗೆ — ಏನೇ ಆಯ್ತು, ಹಾವು ಕಂಡ್ಹಾಗೆ ನಿಂತೆ ಎಂದಳು ಅಮ್ಮ — ಅದರೊಳಗೆ ಭಾನುವಾರ ಬೆಳಿಗ್ಗೆ ಚಿಕ್ಕಮುನಿಯಮ್ಮ ಇರುತ್ತಾಳೆ. ವಾರವೆಲ್ಲ ಉದುರಿ ಗಟ್ಟಿಯಾದ ಬಣ್ಣದ ಹಕ್ಕಳೆ ಕೆರೆದು ಗುಡಿಸುವುದಕ್ಕೆ, ಒಲೆ ತಣ್ಣಗಿರುವ ದಿನ ಅದೊಂದೇ. ತಲೆಗೆ ಕಿವಿಗೆ ಬಟ್ಟೆ ಬಿಗಿದುಕೊಂಡು ಹಿಂದಿನ ಗೋಡೆಯಿಂದ ಶುರುಮಾಡುತ್ತಾಳೆ. ಶಟರಿಗೆ ಒಳಗಿನಿಂದ ಹಿಡಿ ಇಲ್ಲ.

ಫೋನು ಇದ್ದದ್ದು ಕೊನೆಯ ಮನೆಯ ಆಫೀಸರಲ್ಲಿ, ಅವರು ತಮ್ಮ ಕಪ್ಪು ಬಿಳುಪು ಟೀವಿಯ ಮುಂದಿನಿಂದ ತಲೆ ತಿರುಗಿಸದೆಯೇ ಕೈ ತೋರಿಸಿದರು, ಮಾಡ್ಕೊಳಮ್ಮ ಮಾಡ್ಕೊ, ಅವಳ ಎಣ್ಣೆಗೈಯಲ್ಲಿ ರಿಸೀವರು ಜಾರಿತು, ಅತ್ತ ಕಡೆ ಗಂಟೆ ಬಾರಿಸಿತು, ಬಾರಿಸಿತು, ಖಾಲಿ ಕಾರ್ಖಾನೆಯ ಆಫೀಸಿನ ಕೋಣೆ ಅವಳ ಕಣ್ಣಿಗೆ ಕಟ್ಟಿತು, ಮೇಜಿನ ಮೇಲೆ ಕವುಚಿಟ್ಟ ಗಾಜಿನ ಲೋಟ, ಕಪ್ಪು ಫೋನು ತನ್ನಷ್ಟಕ್ಕೆ ಕೂಗಿಕೊಳ್ಳುತ್ತಿರುವುದು, ವಾಚ್‌ಮನ್ ಹನುಮಯ್ಯ ಎದುರಿನ ಟೀ ಅಂಗಡಿಯಲ್ಲಿ ಇದೇ ಧಾರಾವಾಹಿಗೆ ಕೂತಿರುತ್ತಾನೆ, ಕೂರದೆ ಏನು, ಇಡೀ ಊರೇ ಕೂತಿದೆ, ಮತ್ತೊಮ್ಮೆ ತಿರುಗಿಸಿದಳು, ಬಾರಿಸಿತು, ಇಟ್ಟಳು. ರಸ್ತೆಗೆ ಬಂದರೆ ಓಡುವ ಆಟೋ ಒಂದೂ ಇಲ್ಲ, ಸ್ಟ್ಯಾಂಡಿನಲ್ಲಿ ಮೂರು ನಿಂತಿದ್ದವು, ಡ್ರೈವರುಗಳಿಲ್ಲ, ಬಸ್ಸು ಈ ಹೊತ್ತಿನಲ್ಲಿ ಬರುವುದೇ ಇಲ್ಲ, ಕಂಡಕ್ಟರುಗಳೂ ಎಲ್ಲೋ ಯಾರದೋ ಕಿಟಕಿಗೆ ಜೋತುಬಿದ್ದಿರುತ್ತಾರೆ, ಮನೆಯ ಮುಂದೆ ತಮ್ಮ ನಾಣಿಯ ಸೈಕಲ್ಲು ಗೋಡೆಗೆ ಒರಗಿತ್ತು, ಗಂಡಸರ ಸೈಕಲ್ಲು, ನಡುವೆ ಅಡ್ಡಕಂಬಿ, ಅವಳು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸೊಂಟಕ್ಕೆ ಸಿಗಿಸಿದಳು, ಎಣ್ಣೆ ತಲೇಲಿ ಎಲ್ಲಿಗೇ, ಪಂಕಜಾ, ಯಾರಾದ್ರೂ ನೋಡಿದ್ರೆ ಏನಂದಾರು, ನಾಣೀ ನೋಡೋ ಇವಳನ್ನ — ಅಮ್ಮನ ದನಿ ಹಿಂದೆ ಉಳಿಯಿತು, ಕಾಲೇಜು ಬಿಟ್ಟ ಮೇಲೆ ಸೈಕಲ್ಲು ತುಳಿದಿರಲಿಲ್ಲ, ಮೊದಲ ತಿರುವಿನಲ್ಲೇ ಚರಂಡಿಗೆ ಬೀಳುವುದಿತ್ತು, ಬೀಳಲಿಲ್ಲ.

ರಸ್ತೆಯಲ್ಲಿ ನಾಯಿಗಳು ಮಾತ್ರ. ಎರಡೂ ಕಡೆಯ ಮನೆಗಳಿಂದ ಒಂದೇ ದನಿ, ಒಂದು ಕಿಟಕಿ ಬಿಟ್ಟರೆ ಮುಂದಿನ ಕಿಟಕಿ ಅದೇ ಮಾತನ್ನು ಮುಂದುವರಿಸುತ್ತಿತ್ತು, ಶಂಖ, ಬಾಣದ ಸುಯ್ಯೆನ್ನುವ ಸದ್ದು, ಗಂಭೀರವಾದ ಹಿಂದಿ, ಅವಳು ಎಷ್ಟು ತುಳಿದರೂ ಕಥೆ ಅವಳ ಜೊತೆಗೇ ಬರುತ್ತಿತ್ತು, ವಾಚನ್ನು ಸ್ನಾನಕ್ಕೆಂದು ಬಿಚ್ಚಿಟ್ಟು ಬಂದಿದ್ದಳು, ಹೊತ್ತು ತಿಳಿಯುವುದಕ್ಕೆ ಇದೊಂದೇ ದಾರಿ, ಧಾರಾವಾಹಿ ಮುಗಿಯಿತೆಂದರೆ ಹತ್ತು ದಾಟಿತು ಎಂದೇ ಅರ್ಥ, ಮುಗಿಯದಿರಲಿ, ಇವತ್ತು ಯುದ್ಧ ಇನ್ನೂ ನಡೆಯಲಿ — ಇಲ್ಲ, ಕರೆಂಟು ಹೋಗಲಿ, ದೇವರೇ ಕರೆಂಟು ಹೋಗಲಿ, ದಿನಾ ಹೋಗುತ್ತಲ್ಲ, ಅಡುಗೆಗೆ ರುಬ್ಬುವಾಗ ಹೋಗುತ್ತೆ, ಓದುವಾಗ ಹೋಗುತ್ತೆ, ನಿನ್ನೆ ಮಧ್ಯಾಹ್ನ ಹೋಗಿ ಈ ಅವಾಂತರಕ್ಕೆಲ್ಲ ಕಾರಣವಾಯಿತಲ್ಲ, ಇವತ್ತು ಒಂದು ಗಳಿಗೆ ಹೋಗಬಾರದೇ, ಬೆಂಗಳೂರಿನಲ್ಲಿ ಈಗ ಪ್ರತಿ ಮನೆಯೂ ಕರೆಂಟು ಹೋಗದಿರಲಿ ಎಂದು ಕೈಮುಗಿದು ಕೂತಿದೆ, ಹೋಗಲಿ ಎನ್ನುವವಳು ಇವಳೊಬ್ಬಳು, ಅಷ್ಟು ಜನರ ಮುಂದೆ ಇವಳ ಮಾತು ಯಾರು ಕೇಳುತ್ತಾರೆ, ಹೋದ ತಿಂಗಳು ಭಾನುವಾರ ಕರೆಂಟು ಹೋದದ್ದಕ್ಕೆ ಜನ ಸಬ್‌ಸ್ಟೇಷನ್ನಿಗೆ ಕಲ್ಲು ಹೊಡೆದಿದ್ದರಂತೆ, ಅಂದಿನಿಂದ ಈ ಹೊತ್ತಿನಲ್ಲಿ ಕಂಬದ ಮೇಲೆ ಕಾಗೆ ಕೂತರೂ ಓಡಿಸುತ್ತಾರೆ ಎಂದು ಅಪ್ಪ ನಕ್ಕಿದ್ದರು, ಅವಳೂ ನಕ್ಕಿದ್ದಳು, ನಕ್ಕಿದ್ದಳಲ್ಲ.

ಜಾಲಹಳ್ಳಿ ಕ್ರಾಸು, ತುಮಕೂರು ರಸ್ತೆ, ಒಂದು ಲಾರಿ ಕಿವಿಗೆ ಅಪ್ಪಳಿಸಿ ದಾಟಿತು, ನೀಲಗಿರಿ ಎಲೆಯ ವಾಸನೆ, ಎಣ್ಣೆ ಕಣ್ಣಿಗಿಳಿದು ಉರಿ, ಮೇನ್ ಸ್ವಿಚ್ಚಾದರೂ ಎಳೆದಿದ್ದರೆ — ಅದನ್ನು ನೆನೆಯಬಾರದು ಎಂದುಕೊಂಡಷ್ಟೂ ಅದೇ ಬರುತ್ತದೆ, ಓವನ್ ನೋಡಿಕೊಳ್ಳುವ ಶ್ಯಾಮಣ್ಣ ಮೊದಲೆಲ್ಲ ಶನಿವಾರ ಹೊರಡುವಾಗ ದೊಡ್ಡ ಹಿಡಿಯನ್ನು ಎಳೆದು ಇಡೀ ಓವನ್ನಿನ ಕರೆಂಟು ಕಿತ್ತೇ ಹೋಗುತ್ತಿದ್ದ, ನಿನ್ನೆಯೂ ಬಾಗಿಲಲ್ಲಿ ಟಿಫನ್ ಕ್ಯಾರಿಯರ್ ಹಿಡಿದು ನಿಂತು ಕೇಳಿದ, ಮೇಡಂ, ಮೇನು ಎಳೀಬೇಕಾ ಬೇಡ್ವಾ, ಬೇಡ ಶ್ಯಾಮಣ್ಣ, ಬ್ಯಾಟರಿ ಈಗ ತಾನೇ ಹಾಕಿದೀನಿ, ಹಿಡಿಯುತ್ತೋ ಇಲ್ವೋ ಗೊತ್ತಿಲ್ಲ, ಗಡಿಯಾರ ಮತ್ತೆ ಮರೆತುಬಿಟ್ರೆ ಸೋಮವಾರ ಒದ್ದಾಡ್ಬೇಕು, ಇರಲಿ ಬಿಡಿ, ಅದೇ ನೋಡ್ಕೊಳುತ್ತೆ — ಅದೇ ನೋಡ್ಕೊಳುತ್ತೆ, ಎಷ್ಟು ಸಲೀಸಾಗಿ ಅಂದಳು, ಆ ಮಾತನ್ನು ಮ್ಯಾನೇಜರ್ ವೆಂಕಟೇಶಪ್ಪನವರಿಂದ ಕಲಿತಿದ್ದಳು, ಅವರು ಬಂದ ಗಿರಾಕಿಗಳಿಗೆಲ್ಲ ಕಂಟ್ರೋಲರ್ ಪೆಟ್ಟಿಗೆ ತೋರಿಸಿ, ನೋಡಿ ಸಾರ್, ಒಳಗೆ ಗಡಿಯಾರ ಇದೆ, ಯಾವತ್ತು ಕೆಲಸ ಯಾವತ್ತು ರಜ ಎಲ್ಲ ಅದಕ್ಕೇ ಗೊತ್ತು, ಈ ಹುಡುಗಿ ಮಾಡಿದ್ದು ಅನ್ನುತ್ತಿದ್ದರು, ಅವಳಿಗೆ ನಾಚಿಕೆಯೂ ಹೆಮ್ಮೆಯೂ ಆಗುತ್ತಿತ್ತು, ಅದಕ್ಕೆ ಏನು ಗೊತ್ತು, ಅದು ಎಷ್ಟು ಗಂಟೆ ಎಂದು ಮಾತ್ರ ನೋಡುತ್ತದೆ, ಒಳಗೆ ಯಾರಿದ್ದೀರಿ ಎಂದು ಕೇಳುವುದಿಲ್ಲ, ಕೇಳು ಎಂದು ಇವಳು ಹೇಳಿಕೊಟ್ಟಿರಲಿಲ್ಲ. ಚಿಕ್ಕಮುನಿಯಮ್ಮ ಬಂದೇ ಇಲ್ಲವೇನೋ. ಜ್ವರವೇನೋ. ಮಗಳ ಮನೆಗೆ ಹೋಗಿರಬಹುದು. ಬಂದು ಮುಗಿಸಿ ಹೋಗಿರಲೂಬಹುದು — ಅವಳು ಎಂದೂ ಬೇಗ ಮುಗಿಸುವವಳಲ್ಲ, ಕೆರೆದ ಜಾಗವನ್ನೇ ಮತ್ತೆ ಒರೆಸುತ್ತಾಳೆ, ನಮ್ಮ ಉಣಸೆಮರ ಇದ್ದ ತಾವು ಕಣವ್ವ ಇದು, ಕಸ ಬಿಟ್ಟೋಗಕ್ಕೆ ಮನಸ್ಸು ಬರಾಕಿಲ್ಲ ಎಂದು ಒಮ್ಮೆ ಅಂದಿದ್ದಳು, ಅವಳ ಊರೇ ಪೀಣ್ಯ, ಕಾರ್ಖಾನೆಗಳು ಬರುವ ಮೊದಲಿನ ಪೀಣ್ಯ. ಇವಳು ಕೆಲಸಕ್ಕೆ ಸೇರಿದ ದಿನ ಆ ಇಡೀ ಶೆಡ್ಡಿನಲ್ಲಿ ಹೆಂಗಸರು ಎಂದರೆ ಇಬ್ಬರೇ, ಹೆಂಗಸರಿಗೆಂದು ಕಕ್ಕಸು ಕೂಡ ಕಟ್ಟಿರಲಿಲ್ಲ, ಮಧ್ಯಾಹ್ನದವರೆಗೂ ನೀರು ಕುಡಿಯದೆ ತುಟಿ ಕಚ್ಚಿಕೊಂಡು ಕೂತಿದ್ದವಳನ್ನು ಯಾರೂ ಕೇಳಲಿಲ್ಲ, ಚಿಕ್ಕಮುನಿಯಮ್ಮ ಬಂದು ಕೈ ಹಿಡಿದು ಎಬ್ಬಿಸಿದಳು, ಏಳವ್ವ, ಎಷ್ಟೊತ್ತು ಇಂಗೆ ತಡ್ಕೊಂತೀಯ, ಗಂಡಸರದಕ್ಕೇ ಓಗು, ನಾನಿಲ್ಲಿ ನಿಂತಿರ್ತೀನಿ, ಯಾವನ್ ಬತ್ತಾನೆ ನೋಡೇಬಿಡಾನ — ಬಾಗಿಲಿಗೆ ಅಡ್ಡವಾಗಿ ಪೊರಕೆ ಹಿಡಿದು ನಿಂತಳು, ಎರಡು ವರ್ಷದಿಂದ ದಿನವೂ ನಿಲ್ಲುತ್ತಾಳೆ, ಅವಳು ಬಾಗಿಲಲ್ಲಿ ನಿಂತಿದ್ದಾಳೆ ಎಂಬ ಧೈರ್ಯದಲ್ಲೇ ಇವಳು ಇಂಜಿನಿಯರು.

ಪೀಣ್ಯ ಎರಡನೇ ಹಂತದ ಏರಿಗೆ ತಿರುಗುವಲ್ಲಿ ಸೈಕಲ್ಲು ಮೆತ್ತಗಾಯಿತು, ಹ್ಯಾಂಡಲು ಒಂದು ಕಡೆಗೆ ಎಳೆಯಿತು, ಇಳಿದು ನೋಡಿದರೆ ಮುಂದಿನ ಚಕ್ರಕ್ಕೆ ಲೇತ್ ಯಂತ್ರದಿಂದ ಬಿದ್ದ ಉಕ್ಕಿನ ಸುರುಳಿಯೊಂದು ಚುಚ್ಚಿಕೊಂಡಿತ್ತು, ಪೀಣ್ಯದ ರಸ್ತೆಯೇ ಹೀಗೆ, ಮಣ್ಣಿಗಿಂತ ಕಬ್ಬಿಣವೇ ಹೆಚ್ಚು, ಸೈಕಲ್ಲನ್ನು ಅಲ್ಲೇ ಬೇಲಿಗೆ ಒಗೆದಳು, ಓಡಿದಳು, ಚಪ್ಪಲಿ ಒಂದು ಹೋಯಿತು, ಇನ್ನೊಂದನ್ನು ತಾನೇ ಬಿಟ್ಟಳು, ಮುಚ್ಚಿದ ಗೇಟುಗಳು, ಮುಚ್ಚಿದ ಶೆಡ್ಡುಗಳು, ಭಾನುವಾರದ ಪೀಣ್ಯದಲ್ಲಿ ಉಸಿರಾಡುತ್ತಿರುವುದು ತಾನೊಬ್ಬಳೇ ಎನ್ನಿಸಿತು — ಅಷ್ಟರಲ್ಲಿ ಬಾಗಿಲುಗಳು ತೆರೆದವು. ಮೊದಲು ಒಂದು ವಠಾರದಿಂದ ನಾಲ್ಕು ಮಕ್ಕಳು ಬಿಲ್ಲು ಬಾಣ ಹಿಡಿದ ಹಾಗೆ ಕೈ ಮಾಡಿಕೊಂಡು ಹೊರಗೆ ಹಾರಿದವು, ಆಮೇಲೆ ಹೆಂಗಸರು, ಆಮೇಲೆ ಬೀಡಿ ಹಚ್ಚಿಕೊಳ್ಳುತ್ತ ಗಂಡಸರು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಸಕ್ಕತ್ತಾಗಿತ್ತಲ್ಲ ಗುರು ಇವತ್ತು, ಅವಳು ನಿಂತೇಬಿಟ್ಟಳು, ಮುಗಿಯಿತು, ಮುಗಿಯಿತೆಂದರೆ ಹತ್ತು ದಾಟಿತು, ಶಟರು ಇಳಿಯಿತು, ಯಾರಮ್ಮಾ ನೀನು, ಏನಾಯ್ತು ಎಂದು ಒಬ್ಬ ಹೆಂಗಸು ಹತ್ತಿರ ಬಂದಳು, ಎಣ್ಣೆ ಸುರಿಯುವ ತಲೆ, ಬರಿಗಾಲು, ಮೊಣಕಾಲಿನ ಮೇಲೆ ಸೀರೆ, ಪಂಕಜಾ ಮತ್ತೆ ಓಡಿದಳು, ಬೇಯುವುದಕ್ಕೆ ಎಷ್ಟು ಹೊತ್ತು ಬೇಕು, ಬೀರಿನ ಬಣ್ಣ ಬೇಯುವುದಕ್ಕೆ ಇಷ್ಟು ಎಂದು ಅವಳೇ ಲೆಕ್ಕ ಹಾಕಿದ್ದಳು, ಆ ಲೆಕ್ಕ ಈಗ ಬಾರದಿರಲಿ, ಬಾರದಿರಲಿ.

ಚಿಕ್ಕ ಗೇಟು ತೆರೆದಿತ್ತು, ಶೆಡ್ಡಿನೊಳಗೆ ಕಾಲಿಡುವ ಮೊದಲೇ ಕೇಳಿಸಿತು, ಬ್ಲೋಯರು, ಗುಂಯ್ ಎಂದು ಒಂದೇ ಸಮ, ಪೆಟ್ಟಿಗೆಯ ಮೇಲೆ ಹಸಿರು ದೀಪ, ಎಲ್ಲ ಸರಿಯಾಗಿದೆ ಎನ್ನುವ ದೀಪ, ಅವಳು ಮೇನ್ ಸ್ವಿಚ್ಚಿನ ಹಿಡಿಗೆ ಜೋತುಬಿದ್ದು ಎಳೆದಳು, ಧಡ್ ಎಂದಿತು, ಬ್ಲೋಯರಿನ ಸದ್ದು ಇಳಿದು ಇಳಿದು ನಿಂತಿತು, ತಿರುಗಿದಳು, ಆಗ ಕಂಡದ್ದು ಬಕೀಟು. ಶಟರು ನೆಲದವರೆಗೆ ಬಂದಿರಲಿಲ್ಲ. ಅದರ ಅಂಚಿನ ಅಡಿಯಲ್ಲಿ ಒಂದು ತಗಡಿನ ಬಕೀಟು ನಜ್ಜುಗುಜ್ಜಾಗಿ ಸಿಕ್ಕಿಕೊಂಡಿತ್ತು, ಬಾಯಿ ಮಡಿಚಿ ತುಟಿಯ ಹಾಗೆ ಕೂಡಿಕೊಂಡಿತ್ತು, ಸುತ್ತ ನೀರು ಹರಿದಿತ್ತು, ನೆಲಕ್ಕೂ ಶಟರಿಗೂ ನಡುವೆ ಗೇಣಿಗಿಂತ ಒಂದಿಷ್ಟು ಹೆಚ್ಚು ಜಾಗ, ಬಾಗಿಲು ಪೂರ್ತಿ ಮುಚ್ಚಿತೇ ಎಂದು ನೋಡದೆಯೇ ಯಂತ್ರ ಮುಂದಿನದೆಲ್ಲ ಹಚ್ಚಿಬಿಟ್ಟಿತ್ತು, ಅವಳು ಆ ನೀರಿನಲ್ಲೇ ಮಲಗಿ ಕೆನ್ನೆ ನೆಲಕ್ಕೆ ಹಚ್ಚಿ ಒಳಗೆ ನೋಡಿದಳು, ಬಿಸಿ ಮುಖಕ್ಕೆ ಹೊಡೆಯಿತು, ಕತ್ತಲೆ, ಚಿಕ್ಕಮುನಿಯಮ್ಮಾ ಎಂದು ಕೂಗಿದಳು, ತಗಡಿನ ಗೋಡೆಗಳು ಮುನಿಯಮ್ಮಾ ಎಂದವು, ಪೊರಕೆ ಕಂಡಿತು, ಕೆರೆಯುವ ಕಬ್ಬಿಣದ ಪಟ್ಟಿ ಕಂಡಿತು, ಹಿಂದಿನ ಗೋಡೆಯ ಹತ್ತಿರ ಏನೋ ರಾಶಿ, ಗುಡಿಸಿದ ಹಕ್ಕಳೆಯೇ ಅದು, ಬರೀ ಹಕ್ಕಳೆಯೇ, ಕೂಗಿದಳು, ಕೂಗುತ್ತಲೇ ಇದ್ದಳು, ಯಾಕವ್ವ ಅಂಗ್ ಕೂಗ್ತೀಯ, ನಾನು ಇಲ್ಲಿವ್ನಿ.

ಹೊರಗೆ ನಲ್ಲಿಯ ಕಟ್ಟೆಯ ಮೇಲೆ ಕೂತಿದ್ದಳು. ರವಿಕೆ ಬೆನ್ನಿನ ಮೇಲೆ ಉದ್ದಕ್ಕೆ ಹರಿದಿತ್ತು, ಅದರ ಕೆಳಗೆ ಚರ್ಮವೂ, ಒಂದು ಮೊಣಕೈ ಕೆಂಪಗೆ ಸುಲಿದಿತ್ತು, ಅದಕ್ಕೆ ಬೊಗಸೆಯಲ್ಲಿ ನೀರು ಹಾಕಿಕೊಳ್ಳುತ್ತಿದ್ದಳು, ನೀರೆಲ್ಲ ಸೀರೆಗೇ ಬೀಳುತ್ತಿತ್ತು, ಇದ್ದಕ್ಕಿದ್ದಂಗೆ ಬೆಳಕು ಓಯ್ತು ಕಣವ್ವ, ತಿರುಗಿ ನೋಡಿದ್ರೆ ಬಾಗ್ಲು ಬತ್ತಾ ಐತೆ, ಓಡ್ದೆ, ಬಕೀಟು ಅಡ್ಡ ಸಿಕ್ಕೊಂತು, ಎಂಗೋ ತೂರ್ಕೊಂಡು ಬಂದೆ, ಬೆನ್ನೆಲ್ಲ ಕಿತ್ತೋಯ್ತು, ಅನುಮಯ್ಯನ್ನ ಕೂಗ್ದೆ ಕೂಗ್ದೆ, ಆ ನನ್ಮಗ ಟೀವಿ ನೋಡಕ್ಕೋಗವ್ನೆ — ಪಂಕಜಾ ಅವಳ ಮುಂದೆ ನೆಲದ ಮೇಲೆ ಕೂತಳು, ಅವಳ ಪಾದ ಮುಟ್ಟಿದಳು, ಇವೆಯೇ ಎಂದು ನೋಡುವ ಹಾಗೆ, ಎರಡೂ ಪಾದ, ಬಕೀಟು ಬಾಗಿಲಲ್ಲಿ ಇಟ್ಟಿದ್ದು ಯಾಕೆ ಚಿಕ್ಕಮುನಿಯಮ್ಮ, ಯಾವಾಗಲೂ ನಲ್ಲಿ ಹತ್ರ ಇಡ್ತೀಯಲ್ಲ, ಯಾಕೆ ಅಂದ್ರೆ ಏನೇಳನ, ನೀರು ತುಂಬಿಸ್ಕೊಂಡು ಬಂದೆ, ಕೈ ನೋಯ್ತಿತ್ತು, ಅಲ್ಲೇ ಮಡಗ್ದೆ, ಅಷ್ಟೇಯ. ಅಷ್ಟೇ. ಪಂಕಜಾಳ ಬಾಯಿಂದ ಮಾತು ತಾನಾಗಿ ಬಂತು, ನಿನ್ನೆ ಗಡಿಯಾರಕ್ಕೆ ವಾರ ತಪ್ಪು ಹಾಕಿದೆ, ಇವತ್ತು ರಜ ಅಂತ ಅದಕ್ಕೆ ಗೊತ್ತಿರಲಿಲ್ಲ, ನಾನೇ, ನನ್ನಿಂದಲೇ ಆಗಿದ್ದು. ಚಿಕ್ಕಮುನಿಯಮ್ಮ ಕೈಯಲ್ಲಿದ್ದ ನೀರನ್ನು ಬಿಟ್ಟಳು. ನಾನು ಒಳಗಿರ್ತೀನಿ ಅಂತ ನಿಂಗೆ ಗೊತ್ತಿತ್ತಲ್ಲವ್ವ. ಗೊತ್ತಿತ್ತು. ಅವಳು ಬೈಯಲಿಲ್ಲ, ಬಿಡವ್ವ ಎಂದೂ ಅನ್ನಲಿಲ್ಲ, ಬೈದಿದ್ದರೆ ಆಗುತ್ತಿತ್ತು, ಸೆರಗನ್ನು ಬೆನ್ನಿನ ಮೇಲೆ ಎಳೆದುಕೊಂಡಳು, ತಗುಲಿದ್ದಕ್ಕೆ ಸ್ಸ್ ಎಂದಳು, ಆಮೇಲೆ ಶೆಡ್ಡಿನ ಕಡೆ ಮುಖ ಮಾಡಿ, ಬಕೀಟು ನಮ್ಮನೇದು, ಕಂಪ್ನೀದಲ್ಲ ಎಂದಳು.

ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು, ಹನುಮಯ್ಯ ಓಡಿಬರುತ್ತಿದ್ದಾನೆ, ಏನಾಯ್ತು ಮೇಡಂ ಏನಾಯ್ತು, ಆಟೋ ತನ್ನಿ ಮೊದಲು ಎಂದಳು, ಈಗ ಸಿಗುತ್ತವೆ, ಈಗ ಎಲ್ಲವೂ ಸಿಗುತ್ತವೆ, ನಾಳೆ ವೆಂಕಟೇಶಪ್ಪನವರ ಮುಂದೆ ನಿಂತು ಹೇಳಬೇಕು, ಆರು ಒತ್ತಿದವಳು ನಾನು ಸಾರ್, ಏಳು ಒತ್ತಬೇಕಿತ್ತು, ಶಟರಿಗೆ ಒಳಗಿನಿಂದ ಹಿಡಿ ಬೇಕು, ಒಳಗೆ ಜನರಿದ್ದಾಗ ಮೇನ್ ಎಳೆದೇ ಇರಬೇಕು, ಬಾಗಿಲು ಮುಚ್ಚಿದ್ದು ಗೊತ್ತಾಗದೆ ಏನೂ ಹಚ್ಚಕೂಡದು, ಅವರು ಏನೆಂದರೂ ಸರಿ, ಕೆಲಸ ಬಿಡು ಎಂದರೂ ಸರಿ, ಹೇಳಬೇಕು, ಹೇಳುತ್ತಾಳೆ, ಚಿಕ್ಕಮುನಿಯಮ್ಮನ ಭುಜ ಹಿಡಿದು ಎಬ್ಬಿಸಿದಳು, ಎಷ್ಟು ಹಗುರ, ಅವಳು ಒರಗಲಿಲ್ಲ, ಕೈ ಬಿಡಿಸಿಕೊಳ್ಳಲೂ ಇಲ್ಲ, ಶೆಡ್ಡಿನ ಬಾಗಿಲು ದಾಟುವಾಗ ಇಬ್ಬರೂ ಒಂದೇ ಕಡೆಗೆ ನೋಡಿದರು, ಕೈ ನೋಯದೆ ಇದ್ದಿದ್ದರೆ, ಇನ್ನೆರಡು ಹೆಜ್ಜೆ ಆಚೆ ಇಟ್ಟಿದ್ದರೆ, ಅಥವಾ ಪ್ಲಾಸ್ಟಿಕ್ಕಿನದಾಗಿದ್ದರೆ — ನಾಳೆ ಹೇಳಬೇಕು, ವಾರದ ಮೊದಲ ದಿನ ಭಾನುವಾರ ಎಂದು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆಸಬೇಕು, ಹೊಸ ಬಕೀಟು — ಯೋಚನೆ ಅಲ್ಲಿ ನಿಲ್ಲುತ್ತದೆ, ಮುಂದಕ್ಕೆ ತಳ್ಳಿದರೂ ಅಲ್ಲಿಗೇ ಬಂದು ನಿಲ್ಲುತ್ತದೆ, ಶಟರಿನ ಅಡಿಯಲ್ಲಿ ತಗಡಿನ ಬಕೀಟು, ಮಡಿಚಿ ಕೂಡಿಕೊಂಡ ಅದರ ಬಾಯಿ, ಒಳಗೆ ಇನ್ನೂ ಒಂದಿಷ್ಟು ನೀರು.